ಗ್ರೇ ಬಣ್ಣದ ಎಮಲ್ಶನ್: ಯಾವ ಕೋಣೆಗೆ ಯಾವುದು, ಎಷ್ಟು, ಹೇಗೆ?

ಶೇಡ್ ಕಾರ್ಡ್‌ನಲ್ಲಿ ಗ್ರೇಗಳೇ ಪುಟಗಟ್ಟಲೆ ಇರುತ್ತವೆ. ಬೆರಳಗಲದ ಚೀಟಿಯಲ್ಲಿ ಎಲ್ಲವೂ ಚೆಂದ. ಗೋಡೆಗೆ ಬಳಿದ ಮೇಲೆ ಒಂದು ನೀಲಿಗೆ ತಿರುಗುತ್ತದೆ, ಇನ್ನೊಂದು ನೇರಳೆಗೆ, ಮತ್ತೊಂದು ಗಾರೆ ಮಾಡಿ ಹಾಗೇ ಬಿಟ್ಟ ಗೋಡೆಯಂತೆ ಕಾಣುತ್ತದೆ. ಹೀಗಾಗುವುದಕ್ಕೆ ಕಂಪನಿ ಕಾರಣವಾಗುವುದು ಕಡಿಮೆ. ಗ್ರೇ ಒಳಗೆ ಬೆರೆತ ಬಣ್ಣ, ಕೋಣೆಯ ಬೆಳಕು, ಪೇಂಟ್‌ನ ಹೊಳಪು, ಈ ಮೂರನ್ನು ನೋಡದೆ ಆರಿಸುವುದೇ ಕಾರಣ.

ಮೊದಲು ಡಬ್ಬಿಯ ವಿಚಾರ. ಎಮಲ್ಶನ್ ಅಂದರೆ ನೀರು ಬೆರೆಸಿ ಗೋಡೆಗೆ ಬಳಿಯುವ ಪೇಂಟ್. ಏಷ್ಯನ್ ಪೇಂಟ್ಸ್‌ನಲ್ಲಿ ಟ್ರ್ಯಾಕ್ಟರ್ ಎಮಲ್ಶನ್, ಅದರ ಮೇಲೆ ಆಪ್ಕೊಲೈಟ್ ಪ್ರೀಮಿಯಂ, ಅದಕ್ಕೂ ಮೇಲೆ ರಾಯಲ್. ಬರ್ಜರ್, ನೆರೊಲ್ಯಾಕ್, ಡ್ಯೂಲಕ್ಸ್‌ನಲ್ಲೂ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳು. ಮೇಲೆ ಹೋದಂತೆ ಅಂಟು ಹೆಚ್ಚು, ಸುಣ್ಣದಪುಡಿಯಂಥ ಫಿಲ್ಲರ್ ಕಡಿಮೆ. ಬಿಳಿ ಗೋಡೆಯಲ್ಲಿ ಈ ವ್ಯತ್ಯಾಸ ಬೇಗ ಕಾಣುವುದಿಲ್ಲ. ಗ್ರೇಯಲ್ಲಿ ಕಾಣುತ್ತದೆ: ಫಿಲ್ಲರ್ ಹೆಚ್ಚಿರುವ ಅಗ್ಗದ ಪೇಂಟನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಆ ಜಾಗ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ನಮ್ಮ ಸಲಹೆ ಇಷ್ಟು: ಬಾಡಿಗೆಗೆ ಕೊಡುವ ಮನೆಗೆ, ಕೈ ತಾಗದ ಬೆಡ್‌ರೂಮಿಗೆ ತೆಳು ಗ್ರೇ ಆದರೆ ಕೆಳಗಿನ ಮೆಟ್ಟಿಲಿನದು ಸಾಕು. ಹಾಲ್‌ಗೆ, ಓಡಾಟದ ಪ್ಯಾಸೇಜ್‌ಗೆ, ಮಕ್ಕಳ ಕೋಣೆಗೆ ಮಧ್ಯದ್ದಕ್ಕಿಂತ ಕೆಳಗೆ ಇಳಿಯಬೇಡಿ.

ಹೊಳಪಿನ ಆಯ್ಕೆ ಇದಕ್ಕಿಂತಲೂ ಮುಖ್ಯ. ಗ್ರೇ ಬಣ್ಣದ ನಿಜವಾದ ಸೊಗಸು ಹೊಳಪಿಲ್ಲದ ಮ್ಯಾಟ್‌ನಲ್ಲಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಗಾಢ ಗ್ರೇ ಮ್ಯಾಟ್ ಗೋಡೆಗೆ ಸ್ವಿಚ್ ಬೋರ್ಡಿನ ಪಕ್ಕ ದಿನವೂ ಕೈ ಸವರಿದರೆ, ಸೋಫಾದ ಬೆನ್ನು ಉಜ್ಜಿದರೆ ಅಷ್ಟು ಜಾಗ ಮಾತ್ರ ಹೊಳೆಯತೊಡಗುತ್ತದೆ. ಅದನ್ನು ಒರೆಸಿ ತೆಗೆಯಲು ಆಗುವುದಿಲ್ಲ, ಒರೆಸಿದಷ್ಟೂ ಹೊಳಪು ಹೆಚ್ಚುತ್ತದೆ. ಹೆಚ್ಚು ಹೊಳಪಿನ ಹೈ ಶೀನ್ ಪೇಂಟ್‌ಗಳದು ಉಲ್ಟಾ ಕಥೆ. ತೊಳೆಯಲು ಸುಲಭ, ಆದರೆ ಪುಟ್ಟಿಯ ಪ್ರತಿ ಏರುತಗ್ಗನ್ನೂ ಎತ್ತಿ ತೋರಿಸುತ್ತವೆ. ಹಾಲ್‌ಗೆ ಎರಡರ ನಡುವಿನ ಸಾಫ್ಟ್ ಶೀನ್ ಸರಿ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವ, ಅರಿಶಿನದ ಕೈ ತಾಗುವ ಗೋಡೆಗೆ ಮ್ಯಾಟ್ ಬೇಡವೇ ಬೇಡ. ಅಲ್ಲಿ ಶೀನ್ ಇರುವುದನ್ನೇ ಹಾಕಿಸಿ.

ಒಳಗೆ ಬೆರೆತ ಬಣ್ಣ ಕಂಡುಹಿಡಿಯಲು ಶೇಡ್ ಚೀಟಿಯನ್ನು ಬಿಳಿ ಎ4 ಹಾಳೆಯ ಮೇಲಿಡಿ, ಪಕ್ಕದ ಚೀಟಿಗಳನ್ನು ಮುಚ್ಚಿ. ನೀಲಿಯೋ, ಹಸಿರೋ, ಕಂದೋ ತಕ್ಷಣ ಎದ್ದು ಕಾಣುತ್ತದೆ. ಇನ್ನೂ ಖಚಿತವಾಗಬೇಕಾದರೆ ಅಂಗಡಿಯಲ್ಲಿ ಬಣ್ಣ ಬೆರೆಸುವ ಮಿಕ್ಸಿಂಗ್ ಮೆಷಿನ್‌ನ ಕಂಪ್ಯೂಟರಿನಲ್ಲಿ ಆ ಶೇಡ್‌ನ ಫಾರ್ಮುಲಾ ತೋರಿಸಲು ಕೇಳಿ. ಕಪ್ಪಿನ ಜೊತೆ ಹಳದಿ ಅಥವಾ ಕೆಂಪು ಆಕ್ಸೈಡ್ ಇದ್ದರೆ ಬೆಚ್ಚನೆಯ ಗ್ರೇ. ನೀಲಿ ಇದ್ದರೆ ತಣ್ಣನೆಯದು. ಸಾಗುವಾನಿ ಬಾಗಿಲು, ಹಿತ್ತಾಳೆ ಸಾಮಾನು ಇರುವ ಮನೆಗೆ ಬೆಚ್ಚನೆಯದೇ ಹೊಂದುತ್ತದೆ. ತಣ್ಣನೆಯದು ಬಿಳಿ ವಿಟ್ರಿಫೈಡ್ ಟೈಲ್ಸ್ ಮತ್ತು ಒಳ್ಳೆಯ ಬಿಸಿಲಿರುವ ಕೋಣೆಗೆ. ಕೆಂಪು ರೆಡ್ ಆಕ್ಸೈಡ್ ನೆಲವಿದ್ದರೆ ನೆಲದಿಂದ ಚಿಮ್ಮುವ ಬೆಳಕು ಗೋಡೆಯ ಕೆಳಭಾಗಕ್ಕೆ ಗುಲಾಬಿ ಛಾಯೆ ಕೊಡುತ್ತದೆ. ನೇರಳೆ ಬೆರೆತ ಗ್ರೇ ಅಲ್ಲಿ ಕೆಡುತ್ತದೆ.

ಬೆಳಕು ಎಷ್ಟು ಮರಳುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಂಕಿ ಇದೆ, 0 ಅಂದರೆ ಕಪ್ಪು, 100 ಅಂದರೆ ಬಿಳಿ. ಒಂದೇ ಕಿಟಕಿಯ ಕೋಣೆಗೆ 60ಕ್ಕಿಂತ ಮೇಲಿನದು ನೋಡಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಮೋಡ ಕವಿದಿರುತ್ತದೆ, ಕಿಟಕಿಯಾಚೆ ತೋಟವಿದ್ದರೆ ಒಳಗೆ ಬರುವ ಬೆಳಕೂ ಹಸಿರೇ. ಅಲ್ಲಿ 40ರ ಆಸುಪಾಸಿನ ಗ್ರೇಯನ್ನು ನಾಲ್ಕೂ ಗೋಡೆಗೆ ಬಳಿದರೆ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ. ಇನ್ನು ಬಲ್ಬ್. ನೀಲಿಗೆ ವಾಲುವ ಬಿಳಿ ಬೆಳಕಿನ 6500ಕೆ ಎಲ್‌ಇಡಿ ಅಡಿಯಲ್ಲಿ ತಣ್ಣನೆಯ ಗ್ರೇ ಆಸ್ಪತ್ರೆಯ ವಾರ್ಡಿನ ಗೋಡೆಯಾಗುತ್ತದೆ. ಅದಕ್ಕಿಂತ ಬೆಚ್ಚನೆಯ ಬೆಳಕಿನ 3000ಕೆ ಅಥವಾ 4000ಕೆ ಬಲ್ಬ್ ಹಾಕಿ ನೋಡಿ, ಪೇಂಟ್ ಬದಲಿಸುವುದಕ್ಕಿಂತ ಅದೇ ಅಗ್ಗ.

ಸ್ಯಾಂಪಲ್ ನೋಡದೆ ಡಬ್ಬಿ ತರಬೇಡಿ. ದಪ್ಪ ರಟ್ಟಿಗೆ ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬೆಳಿಗ್ಗೆ, ಸಂಜೆ, ರಾತ್ರಿ ಲೈಟ್ ಹಾಕಿ, ಬೇರೆ ಬೇರೆ ಗೋಡೆಗೆ ಆನಿಸಿ ನೋಡಿ. ಎಮಲ್ಶನ್ ಸಾಮಾನ್ಯವಾಗಿ ಹಸಿ ಇರುವಾಗಿನದಕ್ಕಿಂತ ಒಣಗಿದ ಮೇಲೆ ಗಾಢವಾಗುತ್ತದೆ.

"ಮೆಷಿನ್ ಯಾಕೆ ಸಾರ್, ವೈಟ್ ತನ್ನಿ, ಬ್ಲ್ಯಾಕ್ ಸ್ಟೇನರ್ ಹಾಕಿ ಇಲ್ಲೇ ಮಾಡ್ಕೊಡ್ತೀನಿ" ಎನ್ನುವ ಪೇಂಟರ್‌ಗಳಿದ್ದಾರೆ. ಒಪ್ಪಬೇಡಿ. ಬಿಳಿಗೆ ಬರೀ ಕಪ್ಪು ಬೆರೆಸಿದರೆ ಬರುವುದು ನೀಲಿಗೆ ವಾಲುವ ನಿರ್ಜೀವ ಗ್ರೇ. ಬಕೆಟ್ ಮುಗಿದು ಎರಡನೆಯದು ಕಲಸಿದಾಗ ಮೊದಲಿನದಕ್ಕೆ ಹೊಂದುವುದೂ ಇಲ್ಲ. ಮೆಷಿನ್ ಮಿಕ್ಸ್‌ನಲ್ಲೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯ ವ್ಯತ್ಯಾಸ ಬರಬಹುದು. ಒಂದು ಕೋಣೆಯ ಅಷ್ಟೂ ಪೇಂಟನ್ನು ದೊಡ್ಡ ಬಕೆಟ್‌ಗೆ ಸುರಿದು ಒಟ್ಟಿಗೆ ಕಲಸಿಕೊಂಡೇ ಶುರು ಮಾಡಿಸಿ.

ಲೆಕ್ಕ ಹೀಗೆ. 10x12 ಅಡಿ ಕೋಣೆ, 10 ಅಡಿ ಎತ್ತರ: ಸುತ್ತಳತೆ 44 ಅಡಿ, ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 400. ನಯವಾದ ಗೋಡೆಗೆ ಎರಡು ಕೋಟ್‌ಗೆ ಲೀಟರಿಗೆ 130 ಚದರಡಿ ಹಿಡಿದರೆ 3 ಲೀಟರ್ ಚಿಲ್ಲರೆ. 4 ಲೀಟರ್ ಡಬ್ಬಿ ತಂದರೆ ಟಚಪ್‌ಗೂ ಉಳಿಯುತ್ತದೆ. ಮಂಚದ ಹಿಂದಿನ 12 ಅಡಿ ಗೋಡೆಗೆ ಮಾತ್ರ ಗಾಢ ಗ್ರೇ ಬೇಕಿದ್ದರೆ ಅದಕ್ಕೆ 1 ಲೀಟರಿನ ಎರಡು ಡಬ್ಬಿ, ಏಕೆಂದರೆ ಗಾಢ ಶೇಡ್ ಹಲವು ಸಲ ಮೂರನೇ ಕೋಟ್ ಕೇಳುತ್ತದೆ. ಸೀಲಿಂಗ್ ಬಿಳಿಯೇ ಇರಲಿ. ನಮಗೆ ಹೆಚ್ಚು ಹಿಡಿಸುವ ಜೋಡಣೆಯೂ ಇದೇ: ಮೂರು ಗೋಡೆಗೆ ತೆಳು ಬೆಚ್ಚನೆಯ ಗ್ರೇ, ಒಂದಕ್ಕೆ ಶೇಡ್ ಕಾರ್ಡಿನ ಅದೇ ಪಟ್ಟಿಯಲ್ಲಿ ಎರಡು ಮೆಟ್ಟಿಲು ಕೆಳಗಿನ ಗಾಢ ಶೇಡ್.

ಕೆಲಸದಲ್ಲಿ ಗಮನ ಇಡಬೇಕಾದ್ದು ಪುಟ್ಟಿಯ ಮೇಲೆ. ಹೊಸ ಗಾರೆ ಕನಿಷ್ಠ 28 ದಿನ ಒಣಗಿರಬೇಕು. ಎರಡು ಕೈ ಪುಟ್ಟಿ, ಉಜ್ಜಲು ಮೊದಲು 180, ಆಮೇಲೆ 320 ನಂಬರಿನ ಎಮರಿ. ಉಜ್ಜಿದ ಮೇಲೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಗೋಡೆಗೆ ಅಂಟಿಸಿದಂತೆ ಹಿಡಿದು ಬೆಳಕು ಹಾಯಿಸಿ. ಏರುತಗ್ಗು, ಗೀರು ಎಲ್ಲ ನೆರಳಾಗಿ ಕಾಣುತ್ತವೆ. ಪೆನ್ಸಿಲಿನಲ್ಲಿ ಗುರುತು ಹಾಕಿ ಮತ್ತೆ ತುಂಬಿಸಿ. ಧೂಳು ಒರೆಸಿ, ಆಮೇಲೆ ಪ್ರೈಮರ್. ಬಿಳಿ ಸಿಮೆಂಟ್ ಪುಟ್ಟಿಗೆ ಕ್ಷಾರದ ಗುಣವೂ ಹೀರುವ ಗುಣವೂ ಇದೆ, ಪ್ರೈಮರ್ ಇಲ್ಲದೆ ನೇರ ಬಣ್ಣ ಬಳಿದರೆ ಅಲ್ಲಲ್ಲಿ ಹೆಚ್ಚು ಹೀರಿಕೊಂಡು ಮೋಡ ಕಟ್ಟಿದಂತೆ ಮಚ್ಚೆಯಾಗುತ್ತದೆ.

ಬಳಿಯುವಾಗ ಫ್ಯಾನ್ ನಿಲ್ಲಿಸಿ. ಬೇಸಿಗೆಯಲ್ಲಿ ಅಂಚು ಬೇಗ ಒಣಗಿ, ಅದರ ಮೇಲೆ ರೋಲರ್ ಮತ್ತೆ ಹಾಯ್ದಲ್ಲಿ ಪಟ್ಟೆ ಬೀಳುತ್ತದೆ. ಮೂಲೆಗಳಿಗೆ ಬ್ರಷ್‌ನಲ್ಲಿ ಕಟಿಂಗ್ ಮಾಡಿದ ಕೂಡಲೇ ಆ ಗೋಡೆಗೆ ರೋಲರ್ ಹಿಡಿಯಬೇಕು. ನಾಲ್ಕೂ ಗೋಡೆಯ ಕಟಿಂಗ್ ಮುಗಿಸಿ ಊಟಕ್ಕೆ ಹೋದರೆ ಫೋಟೋಗೆ ಕಟ್ಟು ಹಾಕಿದಂತೆ ಅಂಚು ಉಳಿಯುತ್ತದೆ. ಒಂದು ಗೋಡೆ ಶುರುವಾದರೆ ಮೂಲೆಯಿಂದ ಮೂಲೆಗೆ ಮುಗಿಸಿಯೇ ನಿಲ್ಲಿಸಲಿ. ನೀರು ಡಬ್ಬಿಯ ಮೇಲೆ ಬರೆದಷ್ಟೇ, ಎರಡನೇ ಕೋಟ್‌ಗೆ ಮುಂಚೆ ನಾಲ್ಕು ಗಂಟೆ ಬಿಡಿ.

ನೆಲಮಹಡಿಯ ಗೋಡೆಯಲ್ಲಿ ತೇವ ಇದ್ದರೆ ಗ್ರೇ ಹಾಕುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ. ತೇವದ ಜೊತೆ ಮೇಲೆ ಬರುವ ಉಪ್ಪು ಬಿಳಿ ಗೋಡೆಯಲ್ಲಿ ಅಡಗುತ್ತದೆ, ಗ್ರೇಯಲ್ಲಿ ಬೂಷ್ಟು ಹಿಡಿದಂತೆ ಎದ್ದು ಕಾಣುತ್ತದೆ. ಎಷ್ಟೇ ದುಬಾರಿ ಪೇಂಟ್ ಆದರೂ ಅದನ್ನು ತಡೆಯುವುದಿಲ್ಲ.

ಡಬ್ಬಿಯ ಮುಚ್ಚಳದ ಮೇಲಿನ ಶೇಡ್ ಕೋಡ್, ಬೇಸ್, ಬ್ಯಾಚ್ ನಂಬರಿನ ಸ್ಟಿಕ್ಕರ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಗಾಢ ಗ್ರೇಯಲ್ಲಿ ಗೋಡೆಯ ನಡುವೆ ಮಾಡಿದ ಟಚಪ್ ಅದೇ ಡಬ್ಬಿಯದಾದರೂ ಮಚ್ಚೆಯಾಗಿ ಕಾಣುತ್ತದೆ, ಹಾಗಾಗಿ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೇ ಒಂದು ಕೋಟ್ ಕೊಡಿಸಿ.