ಪೇಟೆ ಕಡೆಯ ಶನಿವಾರ, ದಂಡಿನ ಕಡೆಯ ಶನಿವಾರ

ಬೆಂಗಳೂರಿನ ನಮ್ಮ ಮನೆಯಲ್ಲಿ ಎರಡು ಪಕ್ಷ ಇತ್ತು. ಅಣ್ಣನದು ಪೇಟೆ ಪಕ್ಷ. ಅವನಿಗೆ ಸಿನಿಮಾ ಅಂದರೆ ಮೆಜೆಸ್ಟಿಕ್, ತಿಂಡಿ ಅಂದರೆ ಗಾಂಧಿನಗರ. ಅತ್ತಿಗೆ ಹುಟ್ಟಿ ಬೆಳೆದದ್ದು ಕಾಕ್ಸ್‌ಟೌನ್‌ನಲ್ಲಿ, ಅವರದು ದಂಡಿನ ಪಕ್ಷ. ಕಂಟೋನ್ಮೆಂಟನ್ನು ನಮ್ಮಜ್ಜಿ ಕೊನೆವರೆಗೂ ದಂಡು ಅಂತಲೇ ಕರೆಯುತ್ತಿದ್ದರು, ನನ್ನ ಬಾಯಿಗೂ ಅದೇ ಬರುತ್ತದೆ. 1993ರಲ್ಲಿ ಅಣ್ಣನ ಮದುವೆ ಆಯಿತು. ನಾನು ಆಗಷ್ಟೇ ರೆಸಿಡೆನ್ಸಿ ರಸ್ತೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಶನಿವಾರ ಎಲ್ಲಿಗೆ ಹೋಗೋದು ಅಂತ ಗಂಡ ಹೆಂಡತಿ ನಡುವೆ ಎಳೆದಾಟ ಜಾಸ್ತಿಯಾದಾಗ ಅಮ್ಮನೇ ದಾರಿ ಹೇಳಿದರು: ಒಂದು ಶನಿವಾರ ಇವನ ಕಡೆ, ಮುಂದಿನ ಶನಿವಾರ ಅವಳ ಕಡೆ, ಜೊತೆಗೆ ಹುಡುಗೀನ ಕರ್ಕೊಂಡು ಹೋಗಿ. ಹಾಗೆ ಮೂರು ಜನ ಎರಡು ವರ್ಷಕ್ಕೂ ಹೆಚ್ಚು ಸುತ್ತಿದೆವು. ಯಾವುದು ಮೇಲು ಅಂತ ಹೇಳುವ ಕೆಲಸ ನನ್ನದಾಗಿತ್ತು. ಆಗ ಯಾರಿಗೂ ಬೇಜಾರಾಗಬಾರದು ಅಂತ ಹೇಳಿರಲಿಲ್ಲ. ಈಗ ಆ ಜಾಗಗಳಲ್ಲಿ ಎಷ್ಟೋ ಉಳಿದಿಲ್ಲ, ಹೇಳಿಬಿಡುತ್ತೇನೆ.

ಟಿಕೆಟ್‌ನಿಂದಲೇ ಶುರು ಮಾಡಬೇಕು. ಮೆಜೆಸ್ಟಿಕ್‌ನಲ್ಲಿ ಅರ್ಧ ಸಂಜೆ ಅದಕ್ಕೇ ಹೋಗುತ್ತಿತ್ತು. ಇಡೀ ಏರಿಯಾಕ್ಕೆ ಹೆಸರು ಬಂದದ್ದೇ ಒಂದು ಟಾಕೀಸಿನಿಂದ ಅಲ್ವಾ. ಸಾಗರ್, ತ್ರಿಭುವನ್, ಕೈಲಾಶ್, ಅನುಪಮ, ಅಭಿನಯ, ಮೇನಕಾ, ಒಂದೇ ಕಾಂಪೌಂಡಿನಲ್ಲಿ ಸಂತೋಷ್, ನರ್ತಕಿ, ಸಪ್ನಾ. ಒಂದು ಕಡೆ ಹೌಸ್‌ಫುಲ್ ಬೋರ್ಡ್ ಬಿದ್ದಿದ್ದರೆ ಐದು ನಿಮಿಷ ನಡೆದು ಇನ್ನೊಂದಕ್ಕೆ. ದೊಡ್ಡ ಕಟೌಟು, ಅದರ ಕೊರಳಿಗೆ ಹೂವಿನ ಹಾರ, ಮೇಲಿಂದ ಕೆಳಗೆ ಇಳಿಬಿಟ್ಟ ಸೀರಿಯಲ್ ಸೆಟ್. ಬಸ್ಸಿನಿಂದ ಇಳಿದ ತಕ್ಷಣ ಹಬ್ಬಕ್ಕೆ ಬಂದ ಹಾಗೆ ಅನ್ನಿಸುತ್ತಿತ್ತು.

ಇಲ್ಲಿ ಟಿಕೆಟ್ ತರುವವಳು ನಾನೇ. ಗಂಡಸರ ಸಾಲು ರಸ್ತೆಗೆ ಬಂದಿದ್ದರೂ ಲೇಡೀಸ್ ಸಾಲಿನಲ್ಲಿ ಹತ್ತು ಹನ್ನೆರಡು ಜನ ಇರುತ್ತಿದ್ದರು. ಕಬ್ಬಿಣದ ಕಂಬಿ ಹಾಕಿದ ಸಣ್ಣ ಓಣಿ, ಒಬ್ಬರ ಹಿಂದೆ ಒಬ್ಬರೇ ನಿಲ್ಲಬೇಕು. ಕೊನೆಯಲ್ಲಿ ಗೋಡೆಯಲ್ಲೊಂದು ತೂತು, ಕೈ ತೂರುವಷ್ಟೇ. ಸಾವಿರಾರು ಕೈ ಉಜ್ಜಿ ಉಜ್ಜಿ ಅದರ ಅಂಚು ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ದುಡ್ಡು ಹಿಡಿದ ಮುಷ್ಟಿಯನ್ನು ಒಳಗೆ ತೂರಿಸಿದರೆ ಬಳೆ ಗೋಡೆಗೆ ತಗುಲಿ ಕಿರಕ್ ಅನ್ನುತ್ತಿತ್ತು. ಒಳಗಿದ್ದವರು ಬೆರಳು ಬಿಡಿಸಿ ದುಡ್ಡು ತೆಗೆದುಕೊಂಡು, ಅದೇ ಅಂಗೈಗೆ ಟಿಕೆಟ್ ಇಟ್ಟು ಮತ್ತೆ ಬೆರಳು ಮಡಚಿ ಕಳಿಸುತ್ತಿದ್ದರು. ಅವರ ಮುಖ ಒಂದು ದಿನವೂ ಕಂಡಿಲ್ಲ. ತೆಳ್ಳನೆ ಕಾಗದ, ಮೇಲೆ ನೀಲಿ ಪೆನ್ಸಿಲ್‌ನಲ್ಲಿ ಗೀಚಿದ ಸೀಟ್ ನಂಬರು, ಬೆವರಿಗೆ ಅರ್ಧ ಅಳಿಸಿರುತ್ತಿತ್ತು. ಸಾಲು ಸೇರುವ ಮುಂಚೆಯೇ ಗುರುತಿಲ್ಲದ ಹುಡುಗರು "ಅಕ್ಕಾ, ನಮಗೂ ಎರಡು ತೆಕ್ಕೊಡಿ ಅಕ್ಕಾ" ಅಂತ ನೋಟು ಚಾಚುತ್ತಿದ್ದರು. ಎಷ್ಟೋ ಸಲ ತೆಗೆದುಕೊಟ್ಟಿದ್ದೇನೆ. ಒಬ್ಬ ಹುಡುಗ ಇಂಟರ್‌ವಲ್‌ನಲ್ಲಿ ನಮ್ಮನ್ನು ಹುಡುಕಿಕೊಂಡು ಬಂದು ಮೂರು ಪೊಟ್ಟಣ ಕಡಲೆಕಾಯಿ ಕೊಟ್ಟು ಹೋದ.

ದಂಡಿನಲ್ಲಿ ಇದ್ಯಾವುದೂ ಇಲ್ಲ. ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ, ಲಿಡೋ, ಎಲ್ಲೇ ಹೋದರೂ ಸಾಲು ಸಣ್ಣದು, ನೂಕುನುಗ್ಗಲು ಇಲ್ಲ. ಬೇಕಾದರೆ ನಾನು ಮಧ್ಯಾಹ್ನ ಆಫೀಸಿನಿಂದ ಹೋಗಿ ಮುಂಗಡ ಟಿಕೆಟ್ ತಂದಿಡುತ್ತಿದ್ದೆ. ಸುಲಭ ಯಾವುದು ಅಂದರೆ ದಂಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತೂತಿನಿಂದ ಮೂರು ಬಾಲ್ಕನಿ ಟಿಕೆಟ್ ಹೊರಗೆ ಬಂದಾಗ ಆಗುತ್ತಿದ್ದ ಸಂತೋಷ ರೆಕ್ಸ್‌ನಲ್ಲಿ ಒಂದು ದಿನವೂ ಆಗಲಿಲ್ಲ.

ಒಳಗೆ ಹೋದ ಮೇಲಿನ ಮಾತೇ ಬೇರೆ. ಪೇಟೆ ಕಡೆ ನನ್ನ ಆಯ್ಕೆ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ. 1968ರಲ್ಲಿ ಶುರುವಾದ ಥಿಯೇಟರ್, 1,400ಕ್ಕೂ ಹೆಚ್ಚು ಸೀಟು. ಹೊಸ ಸಿನಿಮಾದ ಮೊದಲ ವಾರ ಅಷ್ಟೂ ಸೀಟು ತುಂಬಿ, ಹೀರೋ ಬಂದಾಗ ಅಷ್ಟೂ ಜನ ಒಟ್ಟಿಗೆ ಕೂಗಿದರೆ ಕುರ್ಚಿಯ ಕೈ ಮೇಲಿಟ್ಟ ಬೆರಳಿಗೆ ಅದು ಗೊತ್ತಾಗುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ನಾನು ಬೆರಳಿಟ್ಟು ನೋಡಿದ್ದೇನೆ. ಕೆಳಗಿನಿಂದ ಚಿಲ್ಲರೆ ಕಾಸು, ಕಾಗದದ ಚೂರು ಪರದೆ ಕಡೆ ಹಾರುತ್ತಿತ್ತು. ಮಾತು ಕೇಳಿಸದೆ ಹೋದರೆ ಯಾರಿಗೂ ಕೋಪ ಇಲ್ಲ. ಪಕ್ಕದಲ್ಲಿ ಕೂತ ಅಪರಿಚಿತ ಅಜ್ಜಿ ಅಳುವ ಸೀನಿನಲ್ಲಿ ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ್ದೂ ಇದೇ ಕಪಾಲಿಯಲ್ಲಿ.

ಪ್ಲಾಜಾ ಎಂ.ಜಿ. ರಸ್ತೆಯಲ್ಲಿತ್ತು, 1936ರದ್ದು. ಬ್ರಿಗೇಡ್ ರಸ್ತೆಯ ರೆಕ್ಸ್ ಕೂಡ ಹಳೆಯದೇ. ಅಲ್ಲಿ ಜನ ಸುಮ್ಮನೆ ಕೂತು ನೋಡುತ್ತಿದ್ದರು. ನನ್ನ ಇಂಗ್ಲಿಷ್ ಟೈಪ್ ಮಾಡುವುದಕ್ಕೆ ಸಾಕಾಗುತ್ತಿತ್ತು, ಆ ವೇಗದ ಮಾತಿಗೆ ಸಾಕಾಗುತ್ತಿರಲಿಲ್ಲ. ಇಡೀ ಹಾಲ್ ನಕ್ಕಾಗ ಅತ್ತಿಗೆ ಕಿವಿ ಹತ್ತಿರ ಬಗ್ಗಿ ಕನ್ನಡದಲ್ಲಿ ಹೇಳುತ್ತಿದ್ದರು, ಆಮೇಲೆ ನಾವಿಬ್ಬರೂ ಬೇರೆಯಾಗಿ ನಗುತ್ತಿದ್ದೆವು. ಆರು ತಿಂಗಳಲ್ಲಿ ಹೇಳಿಸಿಕೊಳ್ಳದೆ ಎಲ್ಲರ ಜೊತೆ ನಕ್ಕೆ. ಆ ದಿನ ಅತ್ತಿಗೆ ತಿರುಗಿ ನನ್ನ ಮುಖ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿನಿಮಾವನ್ನು ಸಿನಿಮಾ ಆಗಿ ನೋಡೋದಕ್ಕೆ ದಂಡೇ ಸರಿ. ಪರದೆ ಮತ್ತು ಸದ್ದಿನಲ್ಲಿ ಗ್ಯಾಲಕ್ಸಿ ಎಲ್ಲಕ್ಕಿಂತ ಮುಂದೆ ಅಂತ ಅಣ್ಣನೂ ಒಪ್ಪಿಕೊಂಡಿದ್ದ.

ಇನ್ನೊಂದು ವಿಷಯ ಮುಚ್ಚಿಡಬಾರದು. ಮೆಜೆಸ್ಟಿಕ್‌ನ ಗುಂಪಿನಲ್ಲಿ ಮೆಟ್ಟಿಲು ಇಳಿಯುವಾಗ ನಾನು, ಅತ್ತಿಗೆ ಇಬ್ಬರೂ ಬೆರಳ ನಡುವೆ ಸೇಫ್ಟಿ ಪಿನ್ ಹಿಡಿದುಕೊಂಡಿರುತ್ತಿದ್ದೆವು. ಆ ಕಾಲದ ಹುಡುಗಿಯರಿಗೆ ಬಿಡಿಸಿ ಹೇಳಬೇಕಿಲ್ಲ. ದಂಡಿನ ಕಡೆ ಪಿನ್ನು ಪರ್ಸಿನಲ್ಲೇ ಇರುತ್ತಿತ್ತು. ಆಫೀಸು ಮುಗಿಸಿ ಒಬ್ಬಳೇ ರೆಕ್ಸ್‌ಗೆ ಹೋಗಿ ಫಸ್ಟ್ ಶೋ ನೋಡಿ ಬಂದಿದ್ದೇನೆ. ಒಬ್ಬಳೇ ಯಾಕೆ ಬಂದಿದ್ದೀಯ ಅನ್ನೋ ಥರ ಯಾರೂ ನೋಡಲಿಲ್ಲ. ಪೇಟೆ ಕಡೆ ಒಬ್ಬಳೇ ಹೋಗುವ ಧೈರ್ಯ ನನಗೆ ಬರಲೇ ಇಲ್ಲ.

ಪಬ್‌ಗಳನ್ನು ಈ ಹೋಲಿಕೆಗೆ ಸೇರಿಸಿದ್ದು ಅತ್ತಿಗೆ. ಬೆಂಗಳೂರಿಗೆ ಪಬ್ ಸಿಟಿ ಅನ್ನೋ ಹೆಸರು ಬಂದ ಕಾಲ ಅದು. 1986ರಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ರಮಾಡಾ ಶುರುವಾದ ಮೇಲೆ ಒಂದರ ಹಿಂದೆ ಒಂದು ಬಂದವು. ಅದೇ ಚರ್ಚ್ ಸ್ಟ್ರೀಟ್‌ನ ನಾಸಾ ನೋಡಬೇಕಿತ್ತು ನೀವು. ಒಳಗೆಲ್ಲ ಗಗನನೌಕೆ ಥರ ಮಾಡಿದ್ದರು, ತಂದುಕೊಡುವ ಹುಡುಗರಿಗೆ ಗಗನಯಾತ್ರಿಗಳ ಹಾಗೆ ಡ್ರೆಸ್ಸು. ಅತ್ತಿಗೆ ತಮ್ಮಂದಿರು, ಅವರ ಕಾಲೇಜು ಸ್ನೇಹಿತರು ಮಗ್‌ನಲ್ಲಿ ಬಿಯರ್ ಕುಡಿಯುತ್ತಿದ್ದರು. ನಾನು ನಿಂಬೆಹಣ್ಣಿನ ಸೋಡಾ ಹಿಡಿದು ಕೂತು ಹಾಡು ಕೇಳುತ್ತಿದ್ದೆ. ಹಾಡಿಗೆ ಮಾತ್ರ ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಮೇಲು. ಕಡಿದಾದ ಮೆಟ್ಟಿಲು, ಗೋಡೆ ತುಂಬ ಗಿಟಾರ್ ಹಿಡಿದವರ ಚಿತ್ರ. ಅಲ್ಲಿ ಕೂತರೆ ಮಾತಾಡಲೇಬೇಕು ಅಂತ ಇಲ್ಲ, ಕೇಳಿದರೆ ಸಾಕು. 1989ರಲ್ಲಿ ಶುರುವಾದದ್ದು, ಈಗಲೂ ಇದೆ.

ಆದರೂ ಪಬ್‌ಗಳಿಗೆ ನಾನು ಪೂರ್ತಿ ಮನಸ್ಸು ಕೊಡಲಿಲ್ಲ, ಅದಕ್ಕೆ ಒಂದೇ ಕಾರಣ. ಒಂದು ಶನಿವಾರ ಒಂದು ಪಬ್ಬಿನ ಬಾಗಿಲಲ್ಲಿ ನಿಂತವನು ನಮ್ಮನ್ನೆಲ್ಲ ಒಳಗೆ ಬಿಟ್ಟು ಅಣ್ಣನ ಕಾಲು ನೋಡಿದ. ಅಣ್ಣ ಹವಾಯಿ ಚಪ್ಪಲಿ ಹಾಕಿದ್ದ. ಚಪ್ಪಲಿ ಹಾಕಿದವರಿಗೆ ಒಳಗೆ ಇಲ್ಲ ಅಂತ ಇಂಗ್ಲಿಷ್‌ನಲ್ಲಿ ಹೇಳಿದ. ಅಣ್ಣನಿಗೆ ತಿಳಿಯಲಿಲ್ಲ ಅಂದುಕೊಂಡು ಎರಡನೇ ಸಲ ಇನ್ನೂ ಜೋರಾಗಿ ಹೇಳಿದ. ಅಣ್ಣ ಏನೂ ಅನ್ನಲಿಲ್ಲ, "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದ. ಅತ್ತಿಗೆ ಒಂದು ಮಾತೂ ಆಡದೆ ಅವನ ಕೈ ಹಿಡಿದುಕೊಂಡು ರಸ್ತೆಗೆ ಇಳಿದರು. ಅವತ್ತು ಎಂ.ಜಿ. ರಸ್ತೆಯ ಪರೇಡ್ ಮೈದಾನದ ಕಡೆ, ಬೋಗನ್‌ವಿಲ್ಲಾ ಸಾಲಿನ ಕೆಳಗೆ, ಮರಗಳ ನೆರಳಿನಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆವು. ದಂಡಿನ ಕಡೆಯ ಶನಿವಾರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ನಡಿಗೆಯೇ. ಅದಕ್ಕೆ ಟಿಕೆಟ್ ಬೇಕಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬರಿಗಾಲಲ್ಲಿ ಬಂದವನೂ ಪರದೆ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಲ್ಲಿ ಕೂತು ಸಿಳ್ಳೆ ಹೊಡೆಯಬಹುದಿತ್ತು, ಯಾರೂ ಕಾಲು ನೋಡುತ್ತಿರಲಿಲ್ಲ.

ಇಂಡಿಯಾ ಕಾಫಿ ಹೌಸ್ ಬಗ್ಗೆ ಎರಡು ಮಾತು. ಎಂ.ಜಿ. ರಸ್ತೆಯಲ್ಲಿ ಸಿನಿಮಾಕ್ಕೆ ಮುಂಚೆ ಅಲ್ಲಿ ಕೂತರೆ ಪಗಡಿ ಕಟ್ಟಿದ ಹಿರಿಯರು ಅಣ್ಣನ ಚಪ್ಪಲಿಗೂ ಅತ್ತಿಗೆಯ ಹೈಹೀಲ್ಡಿಗೂ ಒಂದೇ ಮರ್ಯಾದೆಯಿಂದ ಕಾಫಿ ತಂದಿಡುತ್ತಿದ್ದರು. 2009ರಲ್ಲಿ ಅದು ಚರ್ಚ್ ಸ್ಟ್ರೀಟ್‌ಗೆ ಹೋಯಿತು. ಕಾಫಿ ಈಗಲೂ ಚೆನ್ನಾಗಿದೆ.

ಆಟ ಬಿಟ್ಟ ಮೇಲಿನ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಗ್ಲಿಷ್ ಸಿನಿಮಾದಲ್ಲಿ ಹಾಡಿಲ್ಲ, ಬೇಗ ಮುಗಿಯುತ್ತಿತ್ತು. ಪಬ್‌ಗಳಲ್ಲೂ ರಾತ್ರಿ ಹೊತ್ತಾದ ಮೇಲೆ ದೀಪ ಹಾಕಿ ಎಬ್ಬಿಸುತ್ತಿದ್ದರು. ಹೊರಗೆ ಬಂದರೆ ಬ್ರಿಗೇಡ್ ರಸ್ತೆ ಆಗಲೇ ಖಾಲಿ. ಆಟೋದವರು ಒಂದೂವರೆ ಮೀಟರ್ ಕೇಳೋರು, ಹನುಮಂತನಗರ ಅಂದರೆ ಬರೋದೇ ಇಲ್ಲ ಅನ್ನೋರು. ಹಸಿವಾದರೂ ಮನೆಗೇ ಬಂದು ಉಣ್ಣಬೇಕಿತ್ತು.

ಮೆಜೆಸ್ಟಿಕ್‌ನಲ್ಲಿ ಸೆಕೆಂಡ್ ಶೋ ಬಿಟ್ಟಾಗ ರಾತ್ರಿ ಹನ್ನೆರಡೂವರೆ. ನಾಲ್ಕೈದು ಥಿಯೇಟರ್ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಬಿಡುತ್ತಿದ್ದವು. ರಸ್ತೆ ತುಂಬ ಜನ, ಎಲ್ಲರ ಬಾಯಲ್ಲೂ ಕಥೆ. ಗಾಂಧಿನಗರದ ಮೂಲೆಯಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡ ಇಡ್ಲಿ ಗಾಡಿ ಇತ್ತು. ಅಜ್ಜ ತಟ್ಟೆ ತೆಗೆದು ಬಟ್ಟೆ ಎಳೆದ ಕೂಡಲೇ ಹಬೆ ದೀಪದವರೆಗೆ ಏರುತ್ತಿತ್ತು, ಒಂದು ಕ್ಷಣ ಅವರ ಮುಖವೇ ಕಾಣುತ್ತಿರಲಿಲ್ಲ. ಎಲೆ ಮೇಲೆ ಎರಡು ಇಡ್ಲಿ, ಅದರ ಮೇಲೇ ನೀರು ಚಟ್ನಿ. ನಿಂತುಕೊಂಡೇ ತಿನ್ನಬೇಕು, ಚಟ್ನಿ ಮೊಣಕೈವರೆಗೂ ಇಳಿಯುತ್ತಿತ್ತು. ಕಾಕ್ಸ್‌ಟೌನಿನ ನಮ್ಮ ಅತ್ತಿಗೆ ಮೊದಲ ದಿನ ಸೆರಗು ಸಿಕ್ಕಿಸಿಕೊಂಡು ಆರು ಇಡ್ಲಿ ತಿಂದರು. ಆಮೇಲೆ ಬಸ್ ಇಲ್ಲದ ದಿನ ಕಾಟನ್‌ಪೇಟೆ, ಚಾಮರಾಜಪೇಟೆ ದಾಟಿ ನಡೆದುಕೊಂಡೇ ಮನೆಗೆ. ನಮ್ಮ ಹಿಂದೆ ಮುಂದೆ ಅದೇ ಸಿನಿಮಾ ನೋಡಿದ ಇನ್ನೂ ಹತ್ತು ಜನ. ಗೊತ್ತಿಲ್ಲದವರೇ, ಆದರೂ ರಾಮಕೃಷ್ಣ ಆಶ್ರಮದ ಹತ್ತಿರ ಬೇರೆಯಾಗುವಾಗ "ಬರ್ತೀವಿ" ಅಂತ ಹೇಳಿ ಹೋಗುತ್ತಿದ್ದರು.

ಹಾಗಾಗಿ ನನ್ನ ತೀರ್ಪು ಇದು. ಒಬ್ಬಳೇ ಇದ್ದು, ಮನಸ್ಸಿಗೆ ಸ್ವಲ್ಪ ಜಾಗ ಬೇಕು ಅನ್ನಿಸಿದ ಸಂಜೆಗೆ ರೆಕ್ಸ್. ಗ್ಯಾಲಕ್ಸಿ ನೋಡಬೇಕಾದ ಚಿತ್ರ ಬಂದಾಗ ಮಾತ್ರ. ಪಬ್‌ಗಳಲ್ಲಿ ಪೆಕೋಸ್ ಒಂದು ಸಾಕು. ಮನೆಯವರೆಲ್ಲ ಜೊತೆಗಿದ್ದ ರಾತ್ರಿಗೆ ಕಪಾಲಿ, ಬಾಲ್ಕನಿ, ಸೆಕೆಂಡ್ ಶೋ, ಆಮೇಲೆ ಇಡ್ಲಿ ಗಾಡಿ. ಒಂದೇ ಒಂದು ಶನಿವಾರ ವಾಪಸ್ ಕೊಡುತ್ತೇವೆ ಅಂದರೆ ನಾನು ಕೇಳೋದು ಈ ಕೊನೆಯದನ್ನೇ.

ಕಪಾಲಿ 2017ರಲ್ಲಿ ಮುಚ್ಚಿತು. ಕೊನೆಯ ಆಟಕ್ಕೆ ನಾನು ಹೋಗಲಿಲ್ಲ, ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತದೆ. ಅದಕ್ಕೇ 2018ರ ಡಿಸೆಂಬರ್‌ನಲ್ಲಿ ರೆಕ್ಸ್ ಮುಚ್ಚುತ್ತದೆ ಅಂತ ಗೊತ್ತಾದಾಗ ಅತ್ತಿಗೆಯನ್ನು ಕರೆದುಕೊಂಡು ಹೋದೆ. ಮೆಟ್ರೋದಲ್ಲೇ ಹೋಗಿ ಎಂ.ಜಿ. ರಸ್ತೆಯಲ್ಲಿ ಇಳಿದೆವು. ನಾವು ನಡೆಯುತ್ತಿದ್ದ ಬೋಗನ್‌ವಿಲ್ಲಾ ಸಾಲಿನ ಮೇಲೇ ಈಗ ರೈಲು ಓಡುತ್ತದೆ. ರೆಕ್ಸ್‌ನಲ್ಲಿ ದೀಪ ಆರಿದ ಮೇಲೆ ಅತ್ತಿಗೆ ಹಳೇ ಅಭ್ಯಾಸದಿಂದ ನನ್ನ ಕಿವಿ ಹತ್ತಿರ ಬಗ್ಗಿದರು. ನನಗೆ ಎಲ್ಲ ಅರ್ಥವಾಗುತ್ತಿತ್ತು, ಆದರೂ ಕೇಳಿಸಿಕೊಂಡೆ.

ಇಷ್ಟು ಬರೆದು ಇಬ್ಬರಿಗೂ ಓದಿ ಹೇಳಿದೆ. ಅಣ್ಣ ಗೆದ್ದವನ ಹಾಗೆ ಕಾಲು ಚಾಚಿ ಕೂತ. ಅತ್ತಿಗೆ ಮಾತ್ರ ಒಪ್ಪಲಿಲ್ಲ. "ಪ್ಲಾಜಾ ಬಗ್ಗೆ ಏನು ಬರೆದಿದ್ದೀಯ ನೀನು? ನಿಮ್ಮಣ್ಣ ಕಾಸು ಉಳಿಸೋಕೆ ಯಾವಾಗಲೂ ಕೆಳಗೆ ಮುಂದಿನ ಸಾಲಲ್ಲಿ ಕೂರಿಸ್ತಿದ್ದರು. ಒಂದೇ ಒಂದು ಸಲ ಬಾಲ್ಕನಿಯಲ್ಲಿ ಕೂತಿದ್ದರೆ ನೀನು ಕಪಾಲಿ ಹೆಸರು ಎತ್ತುತ್ತಿರಲಿಲ್ಲ ಕಣೇ" ಅಂದರು.