ಪ್ಲಗಿನ್ ಸುಮ್ಮನಾದಾಗ ಕೂಗುವವರು ಯಾರು? ನಾಲ್ಕು ಮಾನಿಟರಿಂಗ್ ಸಾಫ್ಟ್‌ವೇರ್‌ಗಳನ್ನು ಬಳಸಿ ನೋಡಿದ ಮೇಲೆ

ಸರ್ವರ್‌ಗಳನ್ನು ಕಾಯ್ದು, ಏನಾದರೂ ಕೆಟ್ಟರೆ ನಮಗೆ ಮೆಸೇಜ್ ಕಳಿಸುವುದು ಮಾನಿಟರಿಂಗ್ ಸಾಫ್ಟ್‌ವೇರ್‌ನ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಅವುಗಳಲ್ಲಿ ನನ್ನ ಓಟು ಚೆಕ್‌ಎಂಕೆಗೆ. ನಾಗಿಯೋಸ್, ಜ್ಯಾಬಿಕ್ಸ್, ಪ್ರಾಮಿತಿಯಸ್ ಮೂರನ್ನೂ ಬಳಸಿದ ಮೇಲೆ ಅಲ್ಲಿಗೆ ಬಂದು ನಿಂತಿದ್ದೇನೆ. ಯಾವುದರ ಗ್ರಾಫ್ ಚಂದ, ಯಾವುದು ಎಷ್ಟು ಸಾವಿರ ಸರ್ವರ್ ತಾಳುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನು ನೋಡಿಕೊಳ್ಳುವುದು 14 ಸರ್ವರ್, 6 ಸ್ವಿಚ್, ಎರಡು ಬ್ರಾಡ್‌ಬ್ಯಾಂಡ್ ಲೈನ್. ಶಿರಸಿ ಕಡೆಯ ಒಂದು ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಅದರಲ್ಲೇ ಇದೆ. ಮಳೆಗಾಲ ಬಂತೆಂದರೆ ಕರೆಂಟು ಹೋಗಿ ಬಂದು ಮಾಡುತ್ತದೆ, ಸಿಡಿಲಿಗೆ ಲೈನ್ ಸಾಯುತ್ತದೆ. ಇಂಥ ಜಾಗದಲ್ಲಿ ರೆಡಿಮೇಡ್ ಚೆಕ್‌ಗಳು ಸಾಲುವುದಿಲ್ಲ. ನಮ್ಮ ಬ್ಯಾಕಪ್‌ಗೆ, ನಮ್ಮ ಯುಪಿಎಸ್‌ಗೆ, ನಮ್ಮ ಬಿಲ್ಲಿಂಗ್ ಡೇಟಾಬೇಸ್‌ಗೆ ನಾವೇ ಪ್ಲಗಿನ್, ಅಂದರೆ ಒಂದು ವಿಷಯ ಪರೀಕ್ಷಿಸಿ ಹೇಳುವ ಚಿಕ್ಕ ಸ್ಕ್ರಿಪ್ಟ್, ಬರೆದುಕೊಳ್ಳಬೇಕು. ಹಾಗಾಗಿ ನನ್ನ ಹೋಲಿಕೆ ಒಂದೇ ಪ್ರಶ್ನೆಯ ಮೇಲೆ: ನಾನು ಬರೆದ ಪ್ಲಗಿನ್ ಕೆಟ್ಟುಹೋಗಿ ಸುಮ್ಮನೆ ಕೂತರೆ, ಸಾಫ್ಟ್‌ವೇರ್ ನನಗೆ ಹೇಳುತ್ತದಾ?

ಈ ಪ್ರಶ್ನೆ ಹುಟ್ಟಿದ್ದು ಹೋದ ವರ್ಷದ ಜೂನ್‌ನಲ್ಲಿ. ಆಗ ನಮ್ಮಲ್ಲಿ ಪ್ರಾಮಿತಿಯಸ್ ಇತ್ತು. ರಾತ್ರಿ ಬ್ಯಾಕಪ್ ಮುಗಿದ ಕೂಡಲೇ ನನ್ನ ಶೆಲ್ ಸ್ಕ್ರಿಪ್ಟ್ ಒಂದು ಚಿಕ್ಕ ಫೈಲ್ ಬರೆಯುತ್ತಿತ್ತು. ಬ್ಯಾಕಪ್ ಆಗಿದ್ದರೆ 1, ಆಗದಿದ್ದರೆ 0. ಸರ್ವರ್‌ನಲ್ಲಿ ಕೂತು ಅಳತೆ ತೆಗೆಯುವ ನೋಡ್ ಎಕ್ಸ್‌ಪೋರ್ಟರ್‌ನ ಟೆಕ್ಸ್ಟ್‌ಫೈಲ್ ಕಲೆಕ್ಟರ್ ಆ ಫೈಲನ್ನು ಓದಿ ಪ್ರಾಮಿತಿಯಸ್‌ಗೆ ಕೊಡುತ್ತಿತ್ತು. 0 ಬಂದರೆ ನನ್ನ ಫೋನಿಗೆ ಮೆಸೇಜ್. ಬರೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ ಅಂದುಕೊಂಡಿದ್ದೆ.

ಒಂದು ರಾತ್ರಿ ಬ್ಯಾಕಪ್ ನಡೆಯುತ್ತಿರುವಾಗಲೇ ಕರೆಂಟು ಹೋಯಿತು. ಯುಪಿಎಸ್ ಕೂಡ ಕೈಕೊಟ್ಟಿತು. ಬೆಳಿಗ್ಗೆ ಸರ್ವರ್ ತಾನಾಗೇ ಎದ್ದಿತು, ಎಲ್ಲವೂ ಸರಿ ಕಾಣಿಸಿತು. ಆದರೆ ಸ್ಕ್ರಿಪ್ಟ್ ತನ್ನ ಕೆಲಸ ಶುರು ಮಾಡುವಾಗ ಇಟ್ಟುಕೊಂಡಿದ್ದ ಲಾಕ್ ಫೈಲ್ ಡಿಸ್ಕಿನಲ್ಲಿ ಹಾಗೇ ಉಳಿದಿತ್ತು. ಮಾರನೆಯ ರಾತ್ರಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಸ್ಕ್ರಿಪ್ಟನ್ನು ಎಬ್ಬಿಸಿತು. ಅದು ಲಾಕ್ ಫೈಲ್ ನೋಡಿತು, ಇನ್ನೊಂದು ಬ್ಯಾಕಪ್ ನಡೆಯುತ್ತಿದೆ ಅಂದುಕೊಂಡು ಹೊರಬಂತು. 0 ಬರೆಯಲಿಲ್ಲ. 1 ಕೂಡ ಬರೆಯಲಿಲ್ಲ. ಹಳೆಯ 1 ಇದ್ದ ಫೈಲ್ ಇದ್ದಲ್ಲೇ ಇತ್ತು.

ಪ್ರಾಮಿತಿಯಸ್ ತನಗೆ ಹೇಳಿದ ಕೆಲಸವನ್ನು ಸರಿಯಾಗೇ ಮಾಡಿತು. ಪ್ರತಿ 15 ಸೆಕೆಂಡಿಗೆ ಬಂದು ಆ 1ನ್ನು ಓದಿಕೊಂಡು ಹೋಯಿತು. ಅದರ ಮಟ್ಟಿಗೆ ಆ ಅಂಕಿ ಈ ಕ್ಷಣದ್ದು, ಹೊಸದು. ಫೈಲ್ ಎಷ್ಟು ಹಳೆಯದು ಅನ್ನುವುದು ಆ ಅಂಕಿಯ ಒಳಗೆ ಇಲ್ಲ ಅಲ್ವಾ? ಹೀಗೆ 19 ದಿನ ಹಸಿರು. 20ನೇ ದಿನ ಲೆಕ್ಕ ಬರೆಯುವ ಹುಡುಗಿ ಬಂದು, "ಸರ್, ಹೋದ ವಾರದ ಖರೀದಿ ಫೈಲ್ ಅಳಿಸಿಹೋಯ್ತು, ಬ್ಯಾಕಪ್‌ನಿಂದ ತೆಗೆದುಕೊಡಿ" ಅಂದಳು. ನಾನು ನಗುತ್ತಲೇ ಫೋಲ್ಡರ್ ತೆರೆದೆ. ಕೊನೆಯ ತಾರೀಖು ನೋಡಿ ಕೈಕಾಲು ತಣ್ಣಗಾಯಿತು. ಕಾಗದದ ಚೀಟಿಗಳನ್ನು ಹುಡುಕಿ ಇಬ್ಬರು ನಾಲ್ಕು ದಿನ ಕೂತು ಮತ್ತೆ ಟೈಪ್ ಮಾಡಿದರು. ಅವರ ಪಕ್ಕದಲ್ಲಿ ನಾನೂ ಕೂತಿದ್ದೆ.

ತಪ್ಪು ನನ್ನ ಸ್ಕ್ರಿಪ್ಟಿನದು. ಪ್ರಾಮಿತಿಯಸ್‌ನಲ್ಲಿ ಇಂಥದ್ದಕ್ಕೆ ಸರಿಯಾದ ದಾರಿ ಇದೆ. ಆಯ್ತು, ಆಗಿಲ್ಲ ಅಂತ ಬರೆಯಬಾರದು. ಕೊನೆಯ ಬ್ಯಾಕಪ್ ಯಾವಾಗ ಸರಿಯಾಗಿ ಮುಗಿಯಿತೋ ಆ ಸಮಯವನ್ನು ಬರೆಯಬೇಕು. ಈಗಿನ ಸಮಯದಿಂದ ಅದನ್ನು ಕಳೆದು, 26 ಗಂಟೆಗಿಂತ ಜಾಸ್ತಿಯಾದರೆ ಕೂಗು ಅಂತ ನಿಯಮ ಹಾಕಬೇಕು. ಸ್ಕ್ರಿಪ್ಟ್ ಸತ್ತರೂ ಗಡಿಯಾರ ನಡೆಯುತ್ತಲೇ ಇರುತ್ತದೆ. ಪ್ರತಿ ಟೆಕ್ಸ್ಟ್‌ಫೈಲ್ ಯಾವಾಗ ಬದಲಾಯಿತು ಅನ್ನುವುದನ್ನೂ ನೋಡ್ ಎಕ್ಸ್‌ಪೋರ್ಟರ್ ತಾನೇ ಒಂದು ಅಳತೆಯಾಗಿ ಕೊಡುತ್ತದೆ. ಇನ್ನು ಫೈಲೇ ಮಾಯವಾದರೆ? ಆಗ ಆ ಅಳತೆಯೇ ಇರುವುದಿಲ್ಲ, ಇಲ್ಲದ ಅಳತೆಯ ಮೇಲೆ ಹಾಕಿದ ನಿಯಮ ಏನೂ ಹೇಳುವುದಿಲ್ಲ. ಅದಕ್ಕೆ ಆಬ್ಸೆಂಟ್ ಅನ್ನುವ ಫಂಕ್ಷನ್ ಬಳಸಿ ಇನ್ನೊಂದು ನಿಯಮ ಬರೆಯಬೇಕು. ಅಂದರೆ ಪ್ರತಿ ಪ್ಲಗಿನ್‌ಗೆ ಮೂರು ನಿಯಮ. ಒಂದನ್ನು ಮರೆತರೆ ನನ್ನ ಜೂನ್ ಕಥೆ ಮತ್ತೆ ಶುರು.

ಆಮೇಲೆ ಒಂದು ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡು ಮೂರು ವಾರಾಂತ್ಯ ಕೂತೆ. ಉಳಿದ ಮೂರರಲ್ಲೂ ಅದೇ ಬ್ಯಾಕಪ್ ಚೆಕ್ ಬರೆದೆ. ಆಮೇಲೆ ಎರಡು ಕೀಟಲೆ ಮಾಡಿದೆ. ಒಂದು, ಸ್ಕ್ರಿಪ್ಟನ್ನೇ ಅಳಿಸಿಬಿಡುವುದು. ಎರಡು, ಸ್ಕ್ರಿಪ್ಟ್ ಮುಗಿಯದೆ ನಿದ್ದೆ ಹೋಗುವಂತೆ ಮಾಡುವುದು.

ಜ್ಯಾಬಿಕ್ಸ್‌ನಲ್ಲಿ ಬರೆಯುವುದು ಒಂದೇ ಸಾಲು. ಏಜೆಂಟಿನ (ಪ್ರತಿ ಸರ್ವರ್‌ನಲ್ಲಿ ಓಡಿ ಮಾಹಿತಿ ಕೊಡುವ ಪ್ರೋಗ್ರಾಂ) ಕಾನ್ಫಿಗ್‌ನಲ್ಲಿ ಯೂಸರ್‌ಪ್ಯಾರಾಮೀಟರ್ ಅಂತ ಹಾಕಿ, ಒಂದು ಹೆಸರು, ಕಾಮಾ, ಓಡಿಸಬೇಕಾದ ಕಮ್ಯಾಂಡ್. ಎರಡೂ ಕೀಟಲೆಗೆ ಬಂದ ಉತ್ತರ ಒಂದೇ: ಐಟಂ, ಅಂದರೆ ಅಳೆಯುವ ಆ ಒಂದು ವಿಷಯ, "ನಾಟ್ ಸಪೋರ್ಟೆಡ್" ಆಯಿತು. ಪಟ್ಟಿಗೆ ಹೋಗಿ ನೋಡಿದರೆ ಕಾಣುತ್ತದೆ. ಆದರೆ ಅದರ ಮೇಲೆ ಕಟ್ಟಿದ ಟ್ರಿಗರ್ (ಅಲಾರಂ ನಿಯಮ) ಅನ್‌ನೋನ್ ಸ್ಥಿತಿಗೆ ಹೋಗುತ್ತದೆ, ಮಾಮೂಲಿ ಅಲಾರಂ ಹೊಡೆಯುವುದಿಲ್ಲ. ಹೊಡೆಯಬೇಕಾದರೆ, ಡೇಟಾ ಬರುತ್ತಿಲ್ಲ ಅನ್ನುವುದನ್ನು ಹಿಡಿಯುವ ನೋಡೇಟಾ ಫಂಕ್ಷನ್ ಹಾಕಿದ ಇನ್ನೊಂದು ಟ್ರಿಗರ್ ಬೇಕು, ಇಲ್ಲವೇ ಐಟಂ ಕೆಟ್ಟದ್ದಕ್ಕೇ ಮೆಸೇಜ್ ಕಳಿಸುವ ಇಂಟರ್ನಲ್ ಆಕ್ಷನ್ ಹೊಂದಿಸಬೇಕು. ನನಗೆ ಮತ್ತೆ ಅದೇ ಹೆದರಿಕೆ. ಜೊತೆಗೆ ಏಜೆಂಟಿನ ಡೀಫಾಲ್ಟ್ ಟೈಮ್‌ಔಟ್ 3 ಸೆಕೆಂಡ್. ನನ್ನ ನಾಲ್ಕು ಡಿಸ್ಕ್‌ಗಳ ಸ್ಮಾರ್ಟ್ (ಡಿಸ್ಕಿನ ಆರೋಗ್ಯದ) ಮಾಹಿತಿ ಓದಲು 5-6 ಸೆಕೆಂಡ್ ಬೇಕು. 2024ರಲ್ಲಿ ಬಂದ 7.0ರಿಂದ ಪ್ರತಿ ಐಟಂಗೂ ಬೇರೆ ಟೈಮ್‌ಔಟ್ ಕೊಡಬಹುದು, ಅದು ಒಳ್ಳೆಯದಾಯಿತು. ಸ್ವಿಚ್‌ಗಳಿಗೆ ಮಾತ್ರ ಜ್ಯಾಬಿಕ್ಸ್‌ನ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ವಿಧಾನ) ಟೆಂಪ್ಲೇಟ್‌ಗಳು ನನಗೆ ತುಂಬ ಇಷ್ಟವಾದವು.

ನಾಗಿಯೋಸ್ ನನ್ನ ಹಳೆಯ ಗುರು. 1999ರಲ್ಲಿ ನೆಟ್‌ಸೇಂಟ್ ಅನ್ನುವ ಹೆಸರಿನಲ್ಲಿ ಶುರುವಾದದ್ದು. ಪ್ಲಗಿನ್ ಬರೆಯುವ ಅದರ ಒಪ್ಪಂದ ಎಷ್ಟು ಸರಳ ನೋಡಿ: ಒಂದು ಸಾಲು ಪ್ರಿಂಟ್ ಮಾಡು, ಎಕ್ಸಿಟ್ ಕೋಡ್ ಕೊಡು. 0 ಅಂದರೆ ಸರಿ, 1 ಎಚ್ಚರಿಕೆ, 2 ಅಪಾಯ, 3 ಗೊತ್ತಿಲ್ಲ. ಆ "ಗೊತ್ತಿಲ್ಲ"ಕ್ಕೂ ಒಂದು ಅಂಕಿ ಇಟ್ಟಿದ್ದಾರಲ್ಲ, ಅದೇ ದೊಡ್ಡ ವಿಷಯ. ಸ್ಕ್ರಿಪ್ಟ್ ಅಳಿಸಿದೆ, ಅನ್‌ನೋನ್ ಅಂತ ಮೆಸೇಜ್ ಬಂತು. ನಿದ್ದೆ ಹೋಗಿಸಿದೆ, 10 ಸೆಕೆಂಡಿಗೆ ಟೈಮ್‌ಔಟ್ ಆಗಿ ಕೆಂಪಾಯಿತು. ನಾನು ಒಂದು ಅಕ್ಷರವೂ ಹೆಚ್ಚಿಗೆ ಬರೆದಿರಲಿಲ್ಲ.

ಹಾಗಿದ್ದರೆ ನಾಗಿಯೋಸ್ ಯಾಕಲ್ಲ? ಹೊಸ ಪ್ಲಗಿನ್ ಒಂದಕ್ಕೆ ನಾಲ್ಕು ಕಡೆ ಕೈ ಹಾಕಬೇಕು. ಸರ್ವರ್‌ನಲ್ಲಿ ಸ್ಕ್ರಿಪ್ಟ್, ಅಲ್ಲೇ ಎನ್‌ಆರ್‌ಪಿಇ (ನಾಗಿಯೋಸ್ ಕೇಳಿದಾಗ ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಫೈಲ್‌ನಲ್ಲಿ ಒಂದು ಸಾಲು, ನಾಗಿಯೋಸ್ ಕಡೆ ಸರ್ವೀಸ್ ಡೆಫಿನಿಷನ್, ಆಮೇಲೆ ಎರಡೂ ಕಡೆ ರೀಸ್ಟಾರ್ಟ್. ಎನ್‌ಆರ್‌ಪಿಇ ಓಡುವುದು ಬೇರೆ ಯೂಸರ್ ಹೆಸರಲ್ಲಿ, ಡಿಸ್ಕ್ ನೋಡಲು ರೂಟ್ (ಪೂರ್ಣ ಅಧಿಕಾರದ ಯೂಸರ್) ಬೇಕು, ಅಂದರೆ ಆ ಅಧಿಕಾರ ಕೊಡುವ ಸುಡೋ ನಿಯಮ. ಕೈಯಿಂದ ಓಡಿಸಿದರೆ ಚೆನ್ನಾಗಿ ಓಡುವ ಸ್ಕ್ರಿಪ್ಟ್ ಅಲ್ಲಿಂದ ಓಡಿಸಿದರೆ "ಅನ್‌ಏಬಲ್ ಟು ರೀಡ್ ಔಟ್‌ಪುಟ್" ಅನ್ನುತ್ತದೆ. ಪರ್ಮಿಷನ್ ತಪ್ಪಾದರೂ ಅದೇ ಮಾತು, ಪಾತ್ ತಪ್ಪಾದರೂ ಅದೇ ಮಾತು. ಇದಕ್ಕೆ ನನ್ನ ಎಷ್ಟೋ ಸಂಜೆಗಳು ಹೋಗಿವೆ.

ನಾಗಿಯೋಸ್ ಕುಟುಂಬದ್ದೇ ಆದ ಐಸಿಂಗ 2 ಅನ್ನು ಎರಡು ದಿನ ಮಾತ್ರ ನೋಡಿದೆ. ಅದೇ ಪ್ಲಗಿನ್‌ಗಳು ಓಡುತ್ತವೆ, ಕಾನ್ಫಿಗ್ ಭಾಷೆ ನಾಗಿಯೋಸ್‌ಗಿಂತ ಹಿತ.

ಇನ್ನು ಚೆಕ್‌ಎಂಕೆ. ಇದು ಮೊದಲು ನಾಗಿಯೋಸ್‌ಗೆ ಜೋಡಿಸಲು ಬರೆದದ್ದು, ಹಾಗಾಗಿ ಆ ಹಳೆಯ ಒಪ್ಪಂದ ಒಳಗೆ ಹಾಗೇ ಇದೆ. ಏಜೆಂಟಿನ ಲೋಕಲ್ ಅನ್ನುವ ಫೋಲ್ಡರಿಗೆ ಸ್ಕ್ರಿಪ್ಟ್ ಹಾಕಿದರೆ ಸಾಕು. ಅದು ಪ್ರಿಂಟ್ ಮಾಡಬೇಕಾದದ್ದು ಒಂದು ಸಾಲು: ಸ್ಥಿತಿಯ ಅಂಕಿ, ಸರ್ವೀಸಿನ ಹೆಸರು, ಅಳತೆ, ವಿವರ. ನಡುವೆ ಒಂದೊಂದು ಸ್ಪೇಸ್. ಅಂಕಿಯ ಜಾಗದಲ್ಲಿ ಪಿ ಅಕ್ಷರ ಕೊಟ್ಟು ಅಳತೆಯ ಜೊತೆ ಮಿತಿಗಳನ್ನು ಬರೆದರೆ ಹಸಿರೋ ಕೆಂಪೋ ಅಂತ ಅದೇ ಲೆಕ್ಕ ಹಾಕುತ್ತದೆ. ನನ್ನ ಬ್ಯಾಕಪ್‌ಗೆ ಮಿತಿ 93600 ಸೆಕೆಂಡ್, ಅಂದರೆ ಅದೇ 26 ಗಂಟೆ. ಏಜೆಂಟ್ ರೂಟ್ ಆಗಿ ಓಡುವುದರಿಂದ ಸುಡೋ ತಲೆನೋವಿಲ್ಲ. ಆದರೆ ಆ ಫೋಲ್ಡರಿಗೆ ಬೇರೆ ಯಾರೂ ಬರೆಯಲು ಆಗದಂತೆ ನೋಡಿಕೊಳ್ಳಿ. ಅಲ್ಲಿ ಬಿದ್ದದ್ದೆಲ್ಲ ರೂಟ್ ಆಗಿಯೇ ಓಡುತ್ತದೆ.

ಸ್ಕ್ರಿಪ್ಟ್ ಅಳಿಸಿದೆ. ಮುಂದಿನ ನಿಮಿಷ ಆ ಸರ್ವೀಸ್ ಅನ್‌ನೋನ್ ಆಯಿತು, ಡೇಟಾದಲ್ಲಿ ಈ ಐಟಂ ಸಿಗಲಿಲ್ಲ ಅಂತ ಬರೆದಿತ್ತು. ಆ ಸಾಲು ಓದಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಹೆಂಡತಿಯನ್ನು ಕರೆದು ತೋರಿಸಿದೆ. ನಿದ್ದೆ ಹೋಗಿಸಿದಾಗ ಮಾತ್ರ ಒಂದು ಕೊರತೆ ಕಂಡಿತು. ಏಜೆಂಟಿನ ಇಡೀ ಉತ್ತರವೇ ಸಿಕ್ಕಿಕೊಂಡಿತು. ಆ ಸರ್ವರ್‌ನ ಮುಖ್ಯ ಸರ್ವೀಸ್ ಕೆಂಪಾಗಿ ಅಲಾರಂ ಬಂತು, ಆದರೆ ಉಳಿದ ಚೆಕ್‌ಗಳೂ ಹಳಸಿಹೋದವು. ಈಗ ಪ್ರತಿ ಸ್ಕ್ರಿಪ್ಟ್ ಒಳಗೆ ಟೈಮ್‌ಔಟ್ ಕಮ್ಯಾಂಡ್ ಹಾಕಿ 20 ಸೆಕೆಂಡಿಗೆ ಕತ್ತರಿಸುತ್ತೇನೆ. ನಿಧಾನದವನ್ನು ಲೋಕಲ್ ಒಳಗೆ 600 ಅಂತ ಹೆಸರಿಟ್ಟ ಫೋಲ್ಡರಿಗೆ ಹಾಕಿದರೆ ಏಜೆಂಟ್ ಅವನ್ನು 10 ನಿಮಿಷಕ್ಕೊಮ್ಮೆ ಹಿನ್ನೆಲೆಯಲ್ಲಿ ಓಡಿಸುತ್ತದೆ.

ಹಳೆಯ ನಾಗಿಯೋಸ್ ಪ್ಲಗಿನ್‌ಗಳನ್ನು ಎಸೆಯಬೇಕಾಗಲಿಲ್ಲ. ಎಂಆರ್‌ಪಿಇ ಅನ್ನುವ ಫೈಲ್‌ನಲ್ಲಿ ಒಂದೊಂದು ಸಾಲು ಬರೆದೆ, 9 ಪ್ಲಗಿನ್ ಹಾಗೇ ಓಡಿದವು. ಹೊಸ ಸರ್ವೀಸನ್ನು ಪ್ರತಿ ಸಲ ವೆಬ್ ಪುಟಕ್ಕೆ ಹೋಗಿ ಒಪ್ಪಿಕೊಂಡು, ಬದಲಾವಣೆಯನ್ನು ಆಕ್ಟಿವೇಟ್ ಮಾಡಬೇಕು. ಅದು ಸ್ವಲ್ಪ ಕಿರಿಕಿರಿ. ಪೈಥಾನ್‌ನಲ್ಲಿ ದೊಡ್ಡ ಪ್ಲಗಿನ್ ಬರೆಯುವವರು ಎಪಿಐ (ಪ್ಲಗಿನ್ ಬರೆಯುವಾಗ ಪಾಲಿಸಬೇಕಾದ ಚೌಕಟ್ಟು) ಬದಲಾಗುವುದನ್ನು ಗಮನಿಸಿ: 2021ರ 2.0ರಲ್ಲಿ ಒಂದು ಹೊಸದು, 2024ರ 2.3ರಲ್ಲಿ ಇನ್ನೊಂದು. ನನ್ನ ಶೆಲ್ ಸಾಲುಗಳಿಗೆ ಅದರ ಬಿಸಿ ತಟ್ಟಲಿಲ್ಲ.

ಲೈಸೆನ್ಸಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ, ಉಚಿತ ಆವೃತ್ತಿಯೇ ಸಾಕಾಗಿದೆ. 8 ಜಿಬಿ ರ‍್ಯಾಮ್ ಇರುವ ಆ ಹಳೆಯ ಡೆಸ್ಕ್‌ಟಾಪೇ ಈಗ ಮಾನಿಟರಿಂಗ್ ಸರ್ವರ್. ನನಗೆ ಶೆಲ್ ಸ್ಕ್ರಿಪ್ಟ್ ಗೊತ್ತು, ಸಂಜೆ ಏಳರ ಮೇಲೆ ಒಂದು ಗಂಟೆ ಸಿಗುತ್ತದೆ. ಅಷ್ಟರಲ್ಲಿ ಮುಗಿಯುವ ಕೆಲಸ ಇದು. ನಿಮ್ಮಲ್ಲಿ ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಓಡುತ್ತಿದ್ದರೆ ಪ್ರಾಮಿತಿಯಸ್ ಬಿಟ್ಟು ಬರಬೇಡಿ, ಆದರೆ ಇವತ್ತೇ ಹೋಗಿ ಆಬ್ಸೆಂಟ್ ನಿಯಮ ಹಾಕಿ. ಇನ್ನೂರು ಸ್ವಿಚ್ ಇದ್ದರೆ ಜ್ಯಾಬಿಕ್ಸ್ ನೋಡಿ.

ಬ್ಯಾಕಪ್ ಸ್ಕ್ರಿಪ್ಟಿನ ಆ ಲಾಕ್ ಫೈಲ್ ತೆಗೆದು ಎಫ್‌ಲಾಕ್ ಅನ್ನುವ ಕಮ್ಯಾಂಡ್ ಹಾಕಿದ್ದೇನೆ. ಪ್ರಾಸೆಸ್ ಸತ್ತರೆ ಲಾಕ್ ಕೂಡ ತಾನಾಗೇ ಬಿಡುತ್ತದೆ. ಈ ವಾರ ಯುಪಿಎಸ್ ಬ್ಯಾಟರಿಗೂ ಒಂದು ಲೋಕಲ್ ಚೆಕ್ ಬರೆದೆ. 11 ಸಾಲು ಆಯಿತು. ಬರೆದ ಕೂಡಲೇ ಮೊದಲು ಮಾಡಿದ ಕೆಲಸ, ಅದನ್ನು ಅಳಿಸಿ ಫೋನ್ ಹಿಡಿದು ಕೂತದ್ದು. ಒಂದು ನಿಮಿಷದೊಳಗೆ ಮೆಸೇಜ್ ಬಂತು.