ಪ್ರಬಂಧ ‘ಶುರು ಮಾಡಿಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಕೊಡಬೇಡಿ

ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡುತ್ತಿರುವವರು ಮತ್ತು ಅವರ ಮನೆಯವರು ದಯವಿಟ್ಟು ಓದಿ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಮೆರಿಕನ್ ಸಾಹಿತ್ಯದ ಪೇಪರಿಗೆ ಅವಳು ರಾಲ್ಫ್ ಎಲಿಸನ್ ಅವರ ‘ಇನ್‌ವಿಸಿಬಲ್ ಮ್ಯಾನ್’ ಕುರಿತು ಬರೆಯಬೇಕಿತ್ತು. ವರ್ಣಭೇದ, ಮತ್ತು ಎಲ್ಲರಂತೆ ತಗ್ಗಿ ಬಗ್ಗಿ ನಡೆಯಬೇಕೆಂಬ ಒತ್ತಡ, ಇದು ವಿಷಯ. ಐನೂರು ಪುಟ ದಾಟಿದ ಕಾದಂಬರಿ. ಎಲ್ಲಿಂದ ಹಿಡಿಯುವುದೆಂದು ಅವಳು ಒದ್ದಾಡುತ್ತಿದ್ದಾಗಲೇ ಆನ್‌ಲೈನ್ ಸಂಸ್ಥೆಯೊಂದರ ಜಾಹೀರಾತು ಬಂತು. ಮುಖ್ಯ ವಾದ, ಪೀಠಿಕೆ, ಉದ್ಧರಣೆ ಎಲ್ಲ ಸಿದ್ಧಪಡಿಸಿ ಕೊಡುತ್ತೇವೆ, ಮುಂದಕ್ಕೆ ನೀವು ಬೆಳೆಸಿಕೊಂಡರಾಯಿತು ಎಂದರು. ಮೂರೂವರೆ ಸಾವಿರ ರೂಪಾಯಿ ಮುಂಗಡವಾಗಿಯೇ ಕಟ್ಟಿಸಿಕೊಂಡರು.

ಬಂದ ಪಿಡಿಎಫ್ ನಾನೂ ನೋಡಿದೆ. ಮೊದಲ ಪುಟದಲ್ಲೇ ಗ್ರಿಫಿನ್ ಎಂಬ ವಿಜ್ಞಾನಿಯ ಹೆಸರು! ಗ್ರಿಫಿನ್ ಎಚ್.ಜಿ. ವೆಲ್ಸ್ 1897ರಲ್ಲಿ ಪ್ರಕಟಿಸಿದ ‘ದಿ ಇನ್‌ವಿಸಿಬಲ್ ಮ್ಯಾನ್’ ಎಂಬ ಬೇರೆಯೇ ಕಾದಂಬರಿಯ ಪಾತ್ರ. ಎಲಿಸನ್ ಅವರ ಪುಸ್ತಕ 1952ರದ್ದು, ಅದರ ಕಪ್ಪು ವರ್ಣದ ನಿರೂಪಕನಿಗೆ ಕೊನೆಯವರೆಗೂ ಹೆಸರೇ ಇಲ್ಲ. ತಾನು ಭೂತವಲ್ಲ, ರಕ್ತಮಾಂಸದ ಮನುಷ್ಯ, ಜನ ತನ್ನನ್ನು ನೋಡಲು ಒಪ್ಪದ್ದರಿಂದ ಕಾಣದವನಾಗಿದ್ದೇನೆ ಎಂದು ಅವನು ಆರಂಭದಲ್ಲೇ ಹೇಳುತ್ತಾನೆ. ಪುಸ್ತಕದ ಮೊದಲ ಪುಟವನ್ನೂ ತೆರೆಯದವರು ಅದರ ಬಗ್ಗೆ ದುಡ್ಡು ಪಡೆದು ಬರೆದಿದ್ದರು. ಪುಟಸಂಖ್ಯೆ ಸಮೇತ ಕೊಟ್ಟಿದ್ದ ಉದ್ಧರಣೆಗಳನ್ನು ಹುಡುಕಿದರೆ ಒಂದೂ ಸಿಗಲಿಲ್ಲ. ಉಳಿದದ್ದೆಲ್ಲ ಗುಲಾಮಗಿರಿಯ ಬಗ್ಗೆ ಯಾವ ಪುಸ್ತಕಕ್ಕಾದರೂ ಅಂಟಿಸಬಹುದಾದ ಮಾತು.

ಅದೇ ಪಿಡಿಎಫ್ ಅವಳ ತರಗತಿಯ ಇನ್ನೊಬ್ಬ ಹುಡುಗನಿಗೂ ಮಾರಿದ್ದರು. ಗ್ರಿಫಿನ್‌ನನ್ನು ತೆಗೆದುಹಾಕಿ ಇಬ್ಬರೂ ಒಪ್ಪಿಸಿದ್ದರೂ ಪೀಠಿಕೆ ಒಂದೇ ಆಗಿದ್ದರಿಂದ ಸಾಫ್ಟ್‌ವೇರ್ ಹಿಡಿಯಿತು. ವಿಭಾಗದ ಮುಖ್ಯಸ್ಥರ ಮುಂದೆ ನಿಂತು ವಿವರಣೆ ಕೊಡಬೇಕಾಯಿತು, ಅಂಕ ತಡೆಹಿಡಿದರು. ಹಣ ವಾಪಸ್ ಕೇಳಿದರೆ ‘ಇದು ಮಾದರಿ ಮಾತ್ರ’ ಎಂದು ಒಂದು ಸಾಲು ಬರೆದು ನಂಬರ್ ಬ್ಲಾಕ್ ಮಾಡಿದರು.

ದುಡ್ಡಿಗಿಂತ ಹೆಚ್ಚು ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಪ್ರಬಂಧದ ಆರಂಭ ಆ ಪುಸ್ತಕದಲ್ಲೇ ಇತ್ತು. ಲಿಬರ್ಟಿ ಪೇಂಟ್ಸ್ ಕಾರ್ಖಾನೆಯ ಪ್ರಸಂಗ ನೋಡಿ. ನಿರೂಪಕನಿಗೆ ಕೊಟ್ಟ ಕೆಲಸ ಇಷ್ಟೇ: ಪ್ರತಿ ಬಕೆಟ್ ಬಿಳಿ ಬಣ್ಣಕ್ಕೆ ಹತ್ತು ಹನಿ ಕಪ್ಪು ದ್ರವ ಹಾಕಿ, ಕಪ್ಪು ಪೂರ್ತಿ ಮಾಯವಾಗುವವರೆಗೆ ಕಲಕಬೇಕು. ‘ಆಪ್ಟಿಕ್ ವೈಟ್’ ಎಂಬ ಆ ಬಣ್ಣ ಹೋಗುವುದು ಸರ್ಕಾರಿ ಸ್ಮಾರಕಕ್ಕೆ. ಆಮೇಲೆ ತಪ್ಪು ದ್ರವ ಬಿದ್ದು ಬಣ್ಣ ಕೆಡುತ್ತದೆ. ಸರಿಪಡಿಸಿದ ಮೇಲೂ ಅವನ ಕಣ್ಣಿಗೆ ಬೂದು ಛಾಯೆ ಕಾಣುತ್ತದೆ. ಮೇಲಿನವನು ನೋಡಿ ಸರಿಯಿದೆ ಎಂದು ಕಳಿಸುತ್ತಾನೆ. ಆ ಬಿಳುಪಿಗೆ ಕಪ್ಪು ಯಾಕೆ ಬೇಕು, ಬೇಕಾದ ಮೇಲೆ ಅದನ್ನು ಕಾಣದಂತೆ ಯಾಕೆ ಕಲಕಬೇಕು, ಬೂದು ಬಣ್ಣ ಇವನೊಬ್ಬನಿಗೇ ಯಾಕೆ ಕಂಡಿತು? ಇದನ್ನು ಕೇಳಿಕೊಂಡು ಒಂದು ಪುಟ ಬರೆದರೆ ವಾದ ತಾನಾಗಿ ಹುಟ್ಟುತ್ತದೆ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಬೀದಿಯಲ್ಲಿ ಅವನು, ಹಳ್ಳಿಯವನೆನಿಸೀತೆಂಬ ನಾಚಿಕೆ ಬಿಟ್ಟು, ಬಿಸಿ ಗೆಣಸು ತಿನ್ನುವ ಜಾಗವೂ ಸಾಕಿತ್ತು. ಉಪಸಂಹಾರದಲ್ಲಂತೂ ಎಲ್ಲರೂ ಒಂದೇ ಥರ ಆಗಬೇಕೆಂಬ ಈ ಹಂಬಲ ಎಲ್ಲಿಂದ ಬಂತು ಎಂದು ಅವನೇ ನೇರವಾಗಿ ಕೇಳುತ್ತಾನೆ. ಪಿಡಿಎಫ್‌ನಲ್ಲಿ ಇವುಗಳ ಸುಳಿವೂ ಇಲ್ಲ.

ನಿಮ್ಮ ಬಳಿ ಇರುವ ಆವೃತ್ತಿ ಯಾವುದು, ನಿಮಗೆ ಕಾಡಿದ ದೃಶ್ಯ ಯಾವುದು ಎಂದು ಕೇಳದೆ ಬರೀ ಶೀರ್ಷಿಕೆ, ಕೊನೆಯ ದಿನಾಂಕ, ಹಣ ಕೇಳುವವರನ್ನು ನಂಬಬೇಡಿ. ತೋಚದಿದ್ದರೆ ಮೇಷ್ಟ್ರ ಹತ್ತಿರ ಹೋಗಿ. ಅವಳನ್ನು ವಿಚಾರಣೆಗೆ ಕರೆದ ಅಧ್ಯಾಪಕಿಯೇ ಕೊನೆಗೆ ಅರ್ಧ ಗಂಟೆ ಜೊತೆ ಕೂತು ಆ ಕಾರ್ಖಾನೆಯ ಅಧ್ಯಾಯ ಓದಿಸಿದರು. ಈಗ ಹೊಸದಾಗಿ ಬರೆಯುತ್ತಿದ್ದಾಳೆ.

ಈಗಾಗಲೇ ದುಡ್ಡು ಕಟ್ಟಿದ್ದರೆ ರಸೀದಿ, ಚಾಟ್, ಪಿಡಿಎಫ್ ಯಾವುದನ್ನೂ ಅಳಿಸಬೇಡಿ. ಪ್ರಬಂಧ ಒಪ್ಪಿಸುವ ಮೊದಲೇ ವಿಭಾಗಕ್ಕೆ ತಿಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ. ನಾವೂ ಕೊಟ್ಟಿದ್ದೇವೆ.